ಹೊಟ್ಟೆಯ ರೋಗಾಣುವೂ ಕುಡಿಯುವ ನೀರೂ

ಎದೆಯುರಿ, ಹುಳಿತೇಗು, ಹೊಟ್ಟೆನೋವು ಎಂದು ಹೇಳುತ್ತಾ ಒಂದು ಚಿಟಿಕೆ ಅಡಿಗೆ ಸೋಡಾ ಕದಡಿ ಕುಡಿದು ಸುಮ್ಮನಾಗುವವರು ಮಲವಗೊಪ್ಪದಲ್ಲಿಯೂ ಇದ್ದಾರೆ, ಎಲ್ಲಾ ಊರುಗಳಲ್ಲಿಯೂ ಇದ್ದಾರೆ. ಖಾರ ಹೆಚ್ಚಾಯಿತು, ಪಿತ್ತ ಕೆರಳಿತು ಎಂಬದೇ ಅವರ ಮಾತು. ಆದರೆ ಅನೇಕರಲ್ಲಿ ಈ ಬಾಧೆಗೆ ಮೂಲವು ಜಠರದಲ್ಲಿ ನೆಲೆಸಿರುವ ಒಂದು ರೋಗಾಣುವೇ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಅದಕ್ಕೆ ಹೆಸರು. ಇದು ಮಕ್ಕಳ ಹೊಟ್ಟೆಯ ಜಂತುಹುಳವಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಸುರುಳಿಯಾಕಾರದ್ದು.

ಜಠರದ ಆಮ್ಲದಲ್ಲಿ ಯಾವ ರೋಗಾಣುವೂ ಬಹುದಿವಸ ಬದುಕಲಾರದೆಂದು ವೈದ್ಯರು ದೀರ್ಘಕಾಲ ನಂಬಿದ್ದರು. ಇದಾದರೋ ತನ್ನ ಸುತ್ತಲೂ ಅಮೋನಿಯಾ ಉಂಟುಮಾಡಿ ಆಮ್ಲವನ್ನು ಅಡಗಿಸಿ, ಜಠರದ ಒಳಗೋಡೆಯ ಲೋಳೆಯಲ್ಲಿ ಸೇರಿಕೊಳ್ಳುತ್ತದೆ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ಪಟ್ಟಣದಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಅದನ್ನು ಬೆಳೆಸಿ ತೋರಿಸಿದರು. ಅನೇಕರು ನಂಬದೆ ಹೋದದರಿಂದ ಮಾರ್ಷಲರು 1984ರಲ್ಲಿ ಆ ರೋಗಾಣುಗಳಿದ್ದ ದ್ರವವನ್ನು ತಾವೇ ಕುಡಿದರು. ಕೆಲವು ದಿವಸಗಳಲ್ಲಿ ವಾಂತಿ ಹತ್ತಿತು, ಪರೀಕ್ಷಿಸಿದಾಗ ಜಠರದಲ್ಲಿ ಉರಿಯೂತ ಕಂಡುಬಂತು. (ಈ ಪ್ರಯೋಗವನ್ನು ನಮ್ಮ ವಾಚಕರು ಅನುಸರಿಸತಕ್ಕದ್ದಲ್ಲ.) 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ದೊರೆಯಿತು.

ಈ ಉರಿಯೂತವು ವರುಷಗಟ್ಟಲೆ ನಿಂತರೆ ಕೆಲವರಿಗೆ ಹುಣ್ಣಾಗುತ್ತದೆ, ಇನ್ನು ಕೆಲವರಿಗೆ ಜಠರದ ಕ್ಯಾನ್ಸರ್ ಆಗುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು ಈ ರೋಗಾಣುವನ್ನು ಕ್ಯಾನ್ಸರಿಗೆ ನಿಶ್ಚಯವಾದ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ಆದಾಗ್ಯೂ ಯಾರೂ ದಿಗಿಲುಪಡಬಾರದು. ಇದನ್ನು ಹೊತ್ತಿರುವ ನೂರು ಮಂದಿಯಲ್ಲಿ ಕ್ಯಾನ್ಸರ್ ಹೊಂದುವವರು ಒಬ್ಬಿಬ್ಬರು, ಹೆಚ್ಚೆಂದರೆ ಮೂವರು. ಹೊಗೆಸೊಪ್ಪೂ ಅತಿಯಾಗಿ ಉಪ್ಪು ಹಾಕಿದ ಆಹಾರವೂ ಅಪಾಯವನ್ನು ಹೆಚ್ಚಿಸುತ್ತವೆ.

ಇದು ನೀರಿನಿಂದ ಬರುತ್ತದೋ? ಹೆಚ್ಚಾಗಿ ಚಿಕ್ಕಂದಿನಲ್ಲಿಯೇ, ಮನೆಯವರ ಎಂಜಲಿನಿಂದಲೂ ತೊಳೆಯದ ಕೈಗಳಿಂದಲೂ ಹಿಡಿಯುತ್ತದೆ. ತುತ್ತನ್ನು ತಾನು ಅಗಿದು ಕೂಸಿಗೆ ಉಣಿಸುವ ತಾಯಿಯು ಇದನ್ನು ಮನಸ್ಸಿಗೆ ತರಲಿ. ಆದರೆ ಮಲ ಬೆರೆತ ನೀರೂ ಒಂದು ದಾರಿಯೆಂಬದಕ್ಕೆ ಆಧಾರವುಂಟು. ಪೆರು ದೇಶದ ಲಿಮಾ ಪಟ್ಟಣದ ಮಕ್ಕಳ ವಿಷಯವಾಗಿ 1991ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಗರದ ನಲ್ಲಿಯ ನೀರು ಕುಡಿಯುತ್ತಿದ್ದ ಅನುಕೂಲಸ್ಥರ ಮಕ್ಕಳಿಗೂ ಇದು ಬಹಳವಾಗಿ ಹಿಡಿದಿತ್ತು. ನಲ್ಲಿಯಿಂದ ಬಂದದ್ದೆಲ್ಲಾ ಶುದ್ಧವೆಂದು ನಾವು ಎಣಿಸಕೂಡದು. ತುಂಗೆಯು ಶಿವಮೊಗ್ಗವನ್ನೂ ಭದ್ರೆಯು ಭದ್ರಾವತಿಯನ್ನೂ ದಾಟಿಯೇ ಕೂಡಲಿಯಲ್ಲಿ ಒಂದಾಗುತ್ತವಲ್ಲವೇ?

ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ, ರೋಗಾಣು ನಿಲ್ಲುವದಿಲ್ಲ. ಅದರ ಉದ್ದವು ಮಿಲ್ಲಿಮೀಟರಿನ ಸಾವಿರದಲ್ಲಿ ಮೂರು ಪಾಲು ಮಾತ್ರ. ನೀರು ಕೊತಕೊತ ಕುದಿದ ಮೇಲೆ ಇನ್ನೂ ಒಂದು ನಿಮಿಷ ಒಲೆಯ ಮೇಲಿರಲಿ. ಅದೇ ಪಾತ್ರೆಯಲ್ಲಿ ಮುಚ್ಚಿಡಿರಿ. ಕೈ ಅದ್ದದೆ ಹಿಡಿಯುಳ್ಳ ಸೌಟಿನಿಂದ ತೆಗೆಯಿರಿ. ತಿಮೊಥೆಯನ ಹೊಟ್ಟೆಗಾಗಿ ಪೌಲನು ಬರೆದ ಸಲಹೆಯನ್ನು ಹಿಡಿದು ಸಾರಾಯಿಗೆ ಸಮರ್ಥನೆ ಹುಡುಕುವವರಿಗೆ ನಾವು ಹೇಳುವದೇನಂದರೆ, ಅದು ಈ ರೋಗಾಣುವಿಗೆ ಔಷಧವಲ್ಲ, ಜಠರವನ್ನು ಇನ್ನಷ್ಟು ಕೆಡಿಸುತ್ತದೆ.

ನೋವು ವಾರಗಟ್ಟಲೆ ಬಿಡದಿದ್ದರೆ, ಮೈ ಇಳಿಯುತ್ತಾ ಬಂದರೆ, ಮಲವು ಕಪ್ಪಾದರೆ, ರಕ್ತ ವಾಂತಿಯಾದರೆ, ಸೋಡಾವನ್ನು ಬಿಟ್ಟು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಸ್ಥಳಕ್ಕೆ ತಡಮಾಡದೆ ಹೋಗಬೇಕು. ಉಸಿರಿನಿಂದಲೂ ಮಲದಿಂದಲೂ, ಬೇಕಾದರೆ ಗಂಟಲಿನ ಮೂಲಕ ಕೊಳವೆ ಇಳಿಸಿಯೂ ಪರೀಕ್ಷಿಸುವ ವಿಧಾನಗಳುಂಟು. ಸಾಮಾನ್ಯವಾಗಿ 14 ದಿವಸಗಳ ಮಾತ್ರೆಗಳನ್ನು ಕೊಡುತ್ತಾರೆ. ಐದಾರು ದಿವಸಗಳಲ್ಲಿ ಉರಿ ಶಮನವಾಯಿತೆಂದು ಬಿಟ್ಟುಬಿಟ್ಟರೆ ಉಳಿದ ರೋಗಾಣುಗಳು ಆ ಔಷಧಕ್ಕೆ ಬಗ್ಗದಂತಾಗಬಹುದು. ಮಾತ್ರೆಗಳು ಮುಗಿದು ನಾಲ್ಕು ವಾರಗಳಾದ ಮೇಲೆ, ರೋಗಾಣು ಹೋಯಿತೋ ಇಲ್ಲವೋ ಎಂದು ಮತ್ತೊಮ್ಮೆ ಪರೀಕ್ಷೆ ಮಾಡಿಸತಕ್ಕದ್ದು.