ಅನ್ಯರೊಡನೆ ನುಡಿಯುವ ಬಗೆ

ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂಬ ಮೂರು ಶಕ್ತಿಗಳುಂಟೆಂದು ಆಲಂಕಾರಿಕರು ಹೇಳುವರು. ಒಂದೇ ಭಾಷೆಯನ್ನಾಡಿ ಒಂದೇ ಆಚಾರದಲ್ಲಿ ಬೆಳೆದವರ ನಡುವೆ ಇವು ಬೆರೆತೇ ನಡೆಯುವುದರಿಂದ ಇವುಗಳ ಭೇದವು ನಮಗೆ ತೋರದು. ಅನ್ಯಭಾಷೆಯ, ಅನ್ಯಾಚಾರದ ವ್ಯಕ್ತಿಯು ಎದುರಿಗೆ ಬಂದಾಗಲೇ ತೊಡಕು. ಪದದ ಅರ್ಥವನ್ನು ದುಭಾಷಿಯು ತಿಳಿಸಬಲ್ಲನು. ಆದರೆ ಆ ಮಾತಿನಿಂದ ತನಗೆ ಮರ್ಯಾದೆಯಾಯಿತೋ ಅವಮಾನವಾಯಿತೋ ಎಂಬುದನ್ನು ಕೇಳಿದವನು ತನ್ನ ಮನೆಯ ರೂಢಿಯಿಂದಲೇ ಅಳೆದುಕೊಳ್ಳುವನು. ಆ ಅಳತೆಗೋಲು ಯಾವುದೆಂಬುದನ್ನು ನುಡಿಯುವವನು ಮೊದಲು ಅರಿಯತಕ್ಕದ್ದು.

ಇದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಹಂಪೆಯಲ್ಲಿಯೇ ನಿದರ್ಶನವಿದೆ. 1443ರಲ್ಲಿ, ಹಿರಾತಿನಿಂದ ಆಳುತ್ತಿದ್ದ ಶಾಹರುಖನ ರಾಯಭಾರಿ ಅಬ್ದುಲ್ ರಜಾಕನು ವಿಜಯನಗರಕ್ಕೆ ಬಂದನು. ಆಗ ಸಿಂಹಾಸನದಲ್ಲಿದ್ದವನು ಪ್ರೌಢದೇವರಾಯ. ಲಕ್ಕಣ್ಣ ದಂಡೇಶನಿಗೂ ಪ್ರಭುಲಿಂಗಲೀಲೆಯ ಚಾಮರಸನಿಗೂ ಆಶ್ರಯವಿತ್ತ ದೊರೆಯೆಂದು ಈತನನ್ನು ನಮ್ಮ ವಾಚಕರು ಬಲ್ಲರು. ರಾಯಭಾರಿಯ ನಾಡಿನಲ್ಲಿ ಅತಿಥಿಗೆ ಸಲ್ಲುವ ಗೌರವವೆಂದರೆ ಅರಸನೊಡನೆ ಊಟ. ಇಲ್ಲಿಯ ಆಚಾರದಲ್ಲಿ ಅದಕ್ಕೆ ಎಡೆಯಿರಲಿಲ್ಲ. ರಾಯನು ಸುಮ್ಮನಿದ್ದಿದ್ದರೆ ಅತಿಥಿಯು ತನ್ನನ್ನು ಹೀನವಾಗಿ ಕಂಡರೆಂದು ತಿಳಿದು ಹಿಂತಿರುಗುತ್ತಿದ್ದನು. ರಾಯನು ಹಾಗೆ ಮಾಡಲಿಲ್ಲ. ನಿಮ್ಮ ಅರಸರು ರಾಯಭಾರಿಯನ್ನು ಊಟಕ್ಕೆ ಕರೆಯುವರೆಂಬುದನ್ನು ಬಲ್ಲೆವು, ನಾವು ನೀವು ಕೂಡಿ ಉಣ್ಣುವಂತಿಲ್ಲ, ಆದುದರಿಂದ ಹೊನ್ನಿನ ಈ ಚೀಲವೇ ಆ ಔತಣವೆಂದು ತಿಳಿಯಿರಿ ಎಂಬ ಭಾವವನ್ನು ದುಭಾಷಿಯ ಮುಖಾಂತರ ತಿಳಿಸಿದನು. ಪ್ರತಿ ಭೇಟಿಯಲ್ಲಿಯೂ ತಾಂಬೂಲ ಕರ್ಪೂರಗಳು ಸಂದವು. ಬಿಡಾರಕ್ಕೆ ದಿನವೂ ಆತನ ರೂಢಿಗೆ ತಕ್ಕ ದಿನಸಿಯು ಹೋಯಿತು. ಇಲ್ಲಿ ಗಮನಿಸಬೇಕಾದುದೇನು? ದೊರೆಯು ತನ್ನ ಆಚಾರವನ್ನು ಬಿಡಲೂ ಇಲ್ಲ, ಮುಚ್ಚಿಡಲೂ ಇಲ್ಲ. ಅತಿಥಿಯ ಪದ್ಧತಿಯನ್ನು ತಾನು ಬಲ್ಲೆನೆಂದು ಮೊದಲು ತೋರಿಸಿ, ಬಳಿಕ ತನ್ನ ಕಟ್ಟನ್ನು ಹೇಳಿದನು. ಅತಿಥಿಯೂ ಸಾಮಾನ್ಯನಲ್ಲ. ತನ್ನ ನಾಡಿಗೆ ಹೊಸದಾದ ವೀಳ್ಯದ ಎಲೆಯನ್ನು ಅಲ್ಲಗಳೆಯದೆ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ವರ್ಣಿಸಿದನು.

ಅದೇ ಹಂಪೆಗೆ ಇಂದು ಪರದೇಶದವರು ಬರುವರು. ಪಾದರಕ್ಷೆಯೊಡನೆ ಗುಡಿಯನ್ನು ಹೊಕ್ಕವನನ್ನು ಕನ್ನಡದಲ್ಲಿ ಗದರಿಸುವುದನ್ನು ಕಾಣುತ್ತೇವೆ. ಭಾಷೆ ತಿಳಿಯದವನಿಗೆ ಗಟ್ಟಿಯಾಗಿ ಕೂಗಿದರೆ ತಿಳಿಯುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ! ಅವನೆದುರಿಗೆ ನಾವೇ ಪಾದರಕ್ಷೆಯನ್ನು ಕಳಚಿಟ್ಟು ಕೈಮುಗಿದರೆ ಅವನಿಗೆ ಬೇರೆ ವ್ಯಾಖ್ಯಾನವೇ ಬೇಡ.

ಆದರೆ ದೂರದವರಿಗಿಂತ ನೆರೆಯವರೊಡನೆಯೇ ತೊಡಕು ಹೆಚ್ಚು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಕಂಪ್ಲಿಯ ಸುತ್ತಲೂ ಹೊಳೆಯಾಚೆಗೂ ಆಂಧ್ರದ ರೈತರು ಬಂದು ನೆಲೆಸಿದರು. ಅವರ ಊರುಗಳು ಇಂದಿಗೂ ಕ್ಯಾಂಪುಗಳೆನಿಸಿಕೊಳ್ಳುತ್ತವೆ. ತೆಲುಗು ಕನ್ನಡಗಳು ಅಕ್ಕತಂಗಿಯರಾದುದರಿಂದಲೇ ಮೋಸಹೋಗುವುದು ಸುಲಭ. ತೆಲುಗಿನ 'ಮೀರು' ಎಂದರೆ 'ತಾವು', ಗೌರವದ ಮಾತು. ಕನ್ನಡದ ಕಿವಿಗೆ ಅದೇ ಅತಿಕ್ರಮಣ. ನೀರಿನ ಸರದಿಯ ಚರ್ಚೆಯಲ್ಲಿ ಈ ಪದವು ಏನು ಮಾಡಬಹುದೆಂಬುದನ್ನು ರೈತಬಾಂಧವರು ಊಹಿಸಬಲ್ಲರು. ನಾವು ತಾಯಿಯನ್ನು 'ಅವ್ವ' ಎನ್ನುತ್ತೇವೆ, ತೆಲುಗಿನಲ್ಲಿ ಅವ್ವನೆಂದರೆ ಅಜ್ಜಿ. ನಡುವಯಸ್ಸಿನ ನೆರೆಮನೆಯಾಕೆಯನ್ನು ಭಕ್ತಿಯಿಂದ ಹಾಗೆ ಕರೆದರೆ ಆಕೆಯು ಮುಖ ಸಿಂಡರಿಸಬಹುದು. ಹೊಸಪೇಟೆಯ ಪೇಟೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಬೇರೆ ಸೀಮೆಯಿಂದ ಸೊಸೆಯಾಗಿ ಬಂದವಳಿಗೆ ಹಿರಿಯರು ಹೇಳಿಕೊಡಬೇಕು. ಬಸವಣ್ಣನವರ ಚರಿತ್ರೆಯನ್ನು ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದನು, ಅದನ್ನು ಆಧರಿಸಿ ಭೀಮಕವಿಯು 1369ರಲ್ಲಿ ಕನ್ನಡ ಬಸವಪುರಾಣವನ್ನು ಮುಗಿಸಿದನು ಎಂಬುದನ್ನು ನೆನೆದರೆ ಆ ಭಾಷೆಯ ನಾಲ್ಕು ಮಾತು ಕಲಿಯುವುದು ನಮಗೆ ಭಾರವಾಗಲಾರದು.

ಸಂಡೂರಿನ ಕಡೆಯ ಲಂಬಾಣಿ ತಾಂಡಾಗಳಿಗೆ ಕಸೂತಿಯ ವ್ಯಾಪಾರಕ್ಕಾಗಲಿ ಕೂಲಿಯವರನ್ನು ಕರೆಯಲಾಗಲಿ ಹೋಗುವವರು ಮೊದಲು ನಾಯಕನನ್ನು ಕಂಡು ಮಾತನಾಡಿಸುವುದು ಅಲ್ಲಿಯ ಕ್ರಮ. ಅದನ್ನು ಬಿಟ್ಟು ನೇರವಾಗಿ ಗುಡಿಸಲ ಮುಂದೆ ನಿಂತು ಬೆಲೆ ಕೂಗಿದರೆ, ಕನ್ನಡ ಚೆನ್ನಾಗಿ ಬಲ್ಲವರೂ ಉತ್ತರ ಕೊಡರು.

ಇನ್ನು ನಮ್ಮ ಮನೆಯ ಮಾತು. ಲಿಂಗಪೂಜೆಯ ಹೊತ್ತಿಗೆ ಅನ್ಯಮತದ ನೆರೆಯವನು ಬಂದನೆನ್ನೋಣ. ಒಳಗಿನಿಂದ ಯಾರೂ ಮಾತನಾಡದೆ ಅವನನ್ನು ಬಾಗಿಲಲ್ಲಿ ನಿಲ್ಲಿಸಿದರೆ, ನಮ್ಮ ಮೌನವು ಶಿವಧ್ಯಾನವೆಂದು ಅವನು ಹೇಗೆ ತಿಳಿಯಬೇಕು? ಮಕ್ಕಳೊಬ್ಬರು ಹೊರಬಂದು, ಕುಳ್ಳಿರಿಸಿ, ನೀರು ಕೊಟ್ಟು, "ಅಪ್ಪಾಜಿ ಪೂಜೆಗೆ ಕುಳಿತಿದ್ದಾರೆ, ಈಗ ಬರುತ್ತಾರೆ" ಎಂದರೆ ಅವನು ಸಂತೋಷದಿಂದ ಕಾಯುವನು. ಅವನ ಪ್ರಾರ್ಥನೆಯ ಹೊತ್ತು ಯಾವುದೆಂದು ಕೇಳಿಟ್ಟುಕೊಂಡರೆ ನಾವೂ ಆ ವೇಳೆಗೆ ಅವನ ಬಾಗಿಲು ತಟ್ಟುವುದಿಲ್ಲ.