ಹಳೇ ಸಿಮ್ಯುಲೇಟರ್‌ನಲ್ಲಿ ಹಳೇ ಬೆಂಗಳೂರು

ಕ್ಯಾಲಮ್‌ವೇಲ್‌ನ ನಮ್ಮ ಮನೆಗೆ ಆರ್ಚರ್‌ಫೀಲ್ಡ್ ವಿಮಾನ ನಿಲ್ದಾಣ ಹತ್ತಿರ. ಆದ್ರೆ ಅಪ್ಪನಿಗೆ ಬೇಕಾಗಿದ್ದು ಬೆಂಗಳೂರಿನ ಎಚ್‌ಎಎಲ್ ರನ್‌ವೇ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಬಂದದ್ದು 2006ರಲ್ಲಿ, ದೇವನಹಳ್ಳಿ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಹಾಗಾಗಿ ಅದರಲ್ಲಿ ಬೆಂಗಳೂರು ಅಂದ್ರೆ ಇನ್ನೂ ಎಚ್‌ಎಎಲ್ಲೇ!

ಹೊಸ ಲ್ಯಾಪ್‌ಟಾಪ್‌ಗೆ ಅಪ್ಪನ ಡಿಸ್ಕ್ ಹಾಕಿದೆ, ಆ್ಯಕ್ಟಿವೇಶನ್ ಆಗಲಿಲ್ಲ. ಒಮ್ಮೆ ಆ್ಯಕ್ಟಿವೇಟ್ ಮಾಡಿದ ಕೀ ಆ ಕಂಪ್ಯೂಟರಿನ ಬಿಡಿಭಾಗಗಳಿಗೆ ಗಂಟು ಬಿದ್ದಿರುತ್ತೆ. ಯಂತ್ರ ಬದಲಾದ್ರೆ ಮತ್ತೆ ಕೇಳುತ್ತೆ.

ಮೊದಲು ಕಂಪ್ಯೂಟರಿನ ತಾರೀಖು, ಸಮಯ ಸರಿ ಇದೆಯಾ ನೋಡಿ. 25 ಅಕ್ಷರಗಳ ಕೀಯಲ್ಲಿ 8 ಯಾವುದು, ಬಿ ಯಾವುದು ಅಂತ ದೀಪದ ಕೆಳಗೆ ಓದಿ (ನಾನು ಎಡವಿದ್ದು ಇಲ್ಲೇ). ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಆ್ಯಕ್ಟಿವೇಟ್ ಆದ ಮೇಲೆಯೇ ಸರ್ವಿಸ್ ಪ್ಯಾಕ್ 1, ನಂತರ 2.

2004ರ ಆವೃತ್ತಿಯ ಕಥೆ ಬೇರೆ. ಅದರ ಡಿಸ್ಕ್ ಕಾಯುವ ಸೇಫ್‌ಡಿಸ್ಕ್ ಬೀಗವನ್ನು ವಿಂಡೋಸ್ 10 ಒಪ್ಪೋದೇ ಇಲ್ಲ.

ಯಾವುದೂ ಆಗದಿದ್ರೆ ಕ್ರ್ಯಾಕ್ ಹುಡುಕಬೇಡಿ, ವೈರಸ್ ಮನೆಗೆ ಬರುತ್ತೆ. 2014ರ ಸ್ಟೀಮ್ ಆವೃತ್ತಿಗೆ ಈ ಹಳೇ ಆ್ಯಕ್ಟಿವೇಶನ್ ಬೇಡ, ಸ್ಟೀಮ್ ಖಾತೆ ಸಾಕು. ಎಚ್‌ಎಎಲ್ ಅದರಲ್ಲೂ ಇದೆ.