ಮುಪ್ಪಿನ ಸಾಕುಪ್ರಾಣಿಯ ಸುಖದುಃಖಗಳನ್ನರಿಯುವ ಬಗೆ

ಮನುಷ್ಯನು ತನ್ನ ಬಾಧೆಯನ್ನು ಬಾಯಿಬಿಟ್ಟು ಹೇಳಬಲ್ಲನು. ಮೂಕಪ್ರಾಣಿಗಳಿಗೆ ಆ ಅನುಕೂಲವಿಲ್ಲ. ಬಾಗಿಲು ಕಾಯ್ದ ನಾಯಿ, ಅಡಿಗೆಮನೆಯ ಮೂಲೆಯಲ್ಲಿ ಮಲಗುವ ಬೆಕ್ಕು, ಹಾಲನ್ನಿತ್ತ ಹಸು, ನೇಗಿಲೆಳೆದ ಎತ್ತು, ಇವೆಲ್ಲಕ್ಕೂ ಒಂದು ದಿನ ಮುಪ್ಪು ಬರುವುದು. ಆಗ ಮನೆಯವರ ಮುಂದೆ ಕಠಿನವಾದೊಂದು ಪ್ರಶ್ನೆ ನಿಲ್ಲುತ್ತದೆ: ಈ ಜೀವಕ್ಕೆ ಬದುಕು ಇನ್ನೂ ಹಿತವಾಗಿದೆಯೇ, ಭಾರವಾಗಿದೆಯೇ? ಇದನ್ನು ಊಹೆಯಿಂದ ನಿರ್ಣಯಿಸದೆ, ದಿನದಿನದ ಅವಲೋಕನದಿಂದ ಅರಿಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ಕೊಯಮುತ್ತೂರು, ತಿರುಪ್ಪೂರು ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಕಾಂಗೇಯಂ ತಳಿಯ ಎತ್ತುಗಳು ಇಲ್ಲಿಯ ಒಣನೆಲದಲ್ಲಿ ಮೇದು ಬೆಳೆದವು. ವಿದ್ಯುತ್ ಪಂಪುಗಳು ಬರುವುದಕ್ಕೆ ಮುಂಚೆ ಬಾವಿಯ ಕಪಿಲೆಯನ್ನೆಳೆದು ಹೊಲಕ್ಕೆ ನೀರು ಹಾಯಿಸಿದವು ಎತ್ತುಗಳೇ. ಮುಪ್ಪು, ರೋಗ ಅಥವಾ ಗಾಯದಿಂದ ಅಸಮರ್ಥವಾದ ಪ್ರಾಣಿಯನ್ನು ದುಡಿಸುವುದೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಅದನ್ನು ತೊರೆದುಬಿಡುವುದೂ ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯ ಪ್ರಕಾರ ಅಪರಾಧಗಳು. ಆದರೆ ಕಾಯಿದೆಯು ಮಾಡಬಾರದುದನ್ನು ಹೇಳುತ್ತದೆ. ಮಾಡತಕ್ಕದ್ದನ್ನು ಪ್ರಾಣಿಯನ್ನು ನೋಡಿಯೇ ತಿಳಿಯಬೇಕು.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಮುಪ್ಪೇ ರೋಗವಲ್ಲ. ದೊಡ್ಡ ತಳಿಯ ನಾಯಿಗೆ ಏಳೆಂಟು ವರ್ಷಕ್ಕೆ ಮುಪ್ಪು ತಲೆದೋರಿದರೆ, ಸಣ್ಣ ತಳಿಯದಕ್ಕೆ ಇನ್ನೂ ತಡವಾಗಿ ಬರುತ್ತದೆ. ಕುಂಟುವ ನಾಯಿಯನ್ನು ಕಂಡು ‘ವಯಸ್ಸಾಯಿತು’ ಎಂದು ಸುಮ್ಮನಾಗುವವರು ಬಹುಮಂದಿ. ಆದರೆ ಕುಂಟಿಗೆ ಕಾರಣ ಕೀಲುನೋವಿರಬಹುದು, ಉಣ್ಣದಿರುವುದಕ್ಕೆ ಕಾರಣ ಕೊಳೆತ ಹಲ್ಲಿರಬಹುದು, ಇವೆರಡಕ್ಕೂ ಚಿಕಿತ್ಸೆಯುಂಟು. ಆದುದರಿಂದ ಮೊದಲ ಹೆಜ್ಜೆ ಪಶುವೈದ್ಯರ ಬಳಿಗೆ. ಊರೂರಿನಲ್ಲಿ ಸರಕಾರಿ ಪಶುಚಿಕಿತ್ಸಾಲಯಗಳಿವೆ. ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯಲ್ಲಿ ಪಶುವೈದ್ಯ ಕಾಲೇಜೂ ಇದೆ.

ವಾಸಿಯಾಗದ ರೋಗವೆಂದು ವೈದ್ಯರು ಹೇಳಿದ ಮೇಲೆ ಏನು ಮಾಡಬೇಕು? ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಅವರು ೨೦೦೪ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಅದರಲ್ಲಿ ಏಳು ಅಂಶಗಳಿವೆ. ಅವನ್ನು ನಮ್ಮ ಮನೆಗಳಿಗೆ ಹೊಂದುವಂತೆ ಹೀಗೆ ಹೇಳಬಹುದು.

೧. ನೋವು: ಪ್ರಾಣಿಗಳು ನೋವನ್ನು ಬಚ್ಚಿಡುತ್ತವೆ. ಬೆಕ್ಕು ಮಂಚದ ಕೆಳಗೆ ಅಡಗುವುದು, ನಾಯಿ ಒಂದೇ ಕಡೆ ನೆಕ್ಕಿಕೊಳ್ಳುವುದು, ಹಸು ಮೆಲುಕು ಬಿಟ್ಟು ಹಲ್ಲು ಕಡಿಯುವುದು, ಇವು ನೋವಿನ ಗುರುತುಗಳಾಗಿರಬಹುದು. ಉಸಿರಾಟವನ್ನೂ ಇಲ್ಲಿಯೇ ಎಣಿಸಬೇಕು. ಮಲಗಿ ನಿದ್ರಿಸುವ ನಾಯಿ ಅಥವಾ ಬೆಕ್ಕು ನಿಮಿಷಕ್ಕೆ ೩೦ಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು.

೨. ಹಸಿವು: ತಾನಾಗಿ ತಿನ್ನುತ್ತದೆಯೇ, ಕೈಯಲ್ಲಿ ಕೊಟ್ಟರೆ ಮಾತ್ರವೇ, ಅದೂ ಇಲ್ಲವೇ?

೩. ನೀರು: ಹೆಗಲ ಮೇಲಿನ ಚರ್ಮವನ್ನು ಮೆಲ್ಲನೆತ್ತಿ ಬಿಟ್ಟರೆ ಅದು ಕೂಡಲೆ ಸ್ವಸ್ಥಾನಕ್ಕೆ ಮರಳಬೇಕು. ಮುದಿಪ್ರಾಣಿಯ ಚರ್ಮ ಸಡಿಲವಾಗಿರುವುದರಿಂದ ವಸಡನ್ನೂ ಮುಟ್ಟಿ ನೋಡಬೇಕು. ಅದು ಒಣಗಿ ಅಂಟಂಟಾಗಿದ್ದರೆ ನೀರು ಸಾಲದೆಂದರ್ಥ.

೪. ಶುಚಿ: ಮಲಮೂತ್ರಗಳಲ್ಲಿಯೇ ಬಿದ್ದಿರುತ್ತದೆಯೇ? ಏಳಲಾರದ ದನಕ್ಕೆ ಮೆತ್ತನೆಯ ಹುಲ್ಲುಹಾಸು ಹಾಕಿ ದಿನಕ್ಕೆ ಹಲವು ಬಾರಿ ಮಗ್ಗುಲು ಬದಲಿಸಬೇಕು; ಇಲ್ಲದಿದ್ದರೆ ಹುಣ್ಣಾಗುವುದು.

೫. ಸಂತೋಷ: ಮನೆಯವರ ದನಿಗೆ ಬಾಲವಾಡಿಸುತ್ತದೆಯೇ, ಕಿವಿ ನಿಮಿರಿಸುತ್ತದೆಯೇ, ಗೋಡೆಯ ಕಡೆಗೆ ಮುಖಮಾಡಿ ಬಿದ್ದಿರುತ್ತದೆಯೇ?

೬. ಚಲನೆ: ತಾನೇ ಎದ್ದು ನಾಲ್ಕು ಹೆಜ್ಜೆಯಿಡಬಲ್ಲುದೇ? ನುಣುಪಾದ ನೆಲಕ್ಕೆ ಗೋಣಿತಾಟು ಹಾಸಿದರೆ ಕಾಲು ಜಾರುವುದು ಕಡಿಮೆಯಾಗುವುದು.

೭. ಒಳ್ಳೆಯ ದಿನಗಳು: ಕೆಟ್ಟ ದಿನಗಳಿಗಿಂತ ಒಳ್ಳೆಯವು ಹೆಚ್ಚೇ?

ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಒಟ್ಟು ೭೦ರಲ್ಲಿ ೩೫ಕ್ಕಿಂತ ಹೆಚ್ಚು ಬಂದರೆ ಆರೈಕೆಯನ್ನು ಮುಂದುವರಿಸುವುದು ಯುಕ್ತವೆಂದು ಆ ಕ್ರಮದ ಅಭಿಪ್ರಾಯ. ಆದರೆ ಅಂಕವು ತೀರ್ಪಲ್ಲ, ಕಣ್ಣಿಗೆ ನೆರವಷ್ಟೆ. ಪ್ರೀತಿಸುವವನು ಹೆಚ್ಚು ಅಂಕ ಕೊಟ್ಟಾನು. ಶುಶ್ರೂಷೆಯಿಂದ ಬಳಲಿದವನು ಕಡಿಮೆ ಕೊಟ್ಟಾನು. ಅದಕ್ಕಾಗಿ ಮನೆಯ ಇಬ್ಬರು ಬೇರೆಬೇರೆಯಾಗಿ ಬರೆದು ಆಮೇಲೆ ಹೋಲಿಸಬೇಕು. ಉಸಿರಿಗಾಗಿ ಒದ್ದಾಡುವ ಪ್ರಾಣಿಗೆ ಉಳಿದ ಆರರಲ್ಲಿ ಎಷ್ಟು ಅಂಕ ಬಂದರೂ ಅದು ಸುಖವಾಗಿದೆಯೆಂದು ಹೇಳಲಾಗದು. ಒಡನೆಯೇ ವೈದ್ಯರಿಗೆ ತೋರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮನುಷ್ಯರ ನೋವಿನ ಮಾತ್ರೆಗಳನ್ನು ಪ್ರಾಣಿಗಳಿಗೆ ಸ್ವಂತ ಬುದ್ಧಿಯಿಂದ ಕೊಡಬಾರದು. ಪ್ಯಾರಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕವಾದೀತು; ಐಬುಪ್ರೊಫೆನ್ ನಾಯಿಯ ಜಠರವನ್ನೂ ಮೂತ್ರಪಿಂಡಗಳನ್ನೂ ಕೆಡಿಸುವುದು.

ನೋವು ಯಾವ ಔಷಧಕ್ಕೂ ಜಗ್ಗದೆ, ಕೆಟ್ಟ ದಿನಗಳೇ ಹೆಚ್ಚಿದಾಗ ವೈದ್ಯರು ದಯಾಮರಣದ ಮಾತನ್ನೆತ್ತಬಹುದು. ಮೊದಲು ಪ್ರಜ್ಞೆ ತಪ್ಪಿ, ಬಳಿಕ ಉಸಿರೂ ಹೃದಯವೂ ನಿಲ್ಲುವಂತೆ ವೈದ್ಯರೇ ಮದ್ದನ್ನು ಕೊಡುವ ಕ್ರಮವಿದು. ಇದಕ್ಕೆ ಒಪ್ಪುವ ಮನೆಗಳುಂಟು. ಪ್ರಾಣ ತೆಗೆಯುವುದು ತಮ್ಮ ಧರ್ಮಕ್ಕೆ ಸಲ್ಲದೆಂದು ಹಿಂಜರಿಯುವ ಮನೆಗಳೂ ಉಂಟು. ಎರಡನ್ನೂ ನಾವು ಹಳಿಯುವುದಿಲ್ಲ. ಆದರೆ ಹಿಂಜರಿಯುವವರ ಹೊಣೆ ಅಷ್ಟಕ್ಕೇ ತೀರುವುದಿಲ್ಲ. ಕೊನೆಯ ಉಸಿರಿನವರೆಗೂ ನೋವು ತಗ್ಗಿಸುವ ಔಷಧ, ನೀರು, ಶುಚಿ, ನೆರಳು, ಇವನ್ನು ಒದಗಿಸಲೇಬೇಕು. ಕೊಲ್ಲಲಾರೆನೆಂದು ದೂರದ ರಸ್ತೆಯಲ್ಲಿ ಬಿಟ್ಟುಬರುವುದು ದಯೆಯಲ್ಲ. ನಮ್ಮ ಕಣ್ಣಿಗೆ ಬೀಳದ ಮಾತ್ರಕ್ಕೆ ನೋವು ಇಲ್ಲವಾಗುವುದಿಲ್ಲ.

ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ನಾಯಿ ಸತ್ತಾಗ ‘ಓಡಿಹೋಯಿತು’ ಎಂದು ಮಕ್ಕಳಿಗೆ ಹೇಳಬೇಡಿ. ಮಗು ದಿನವೂ ಬಾಗಿಲ ಬಳಿ ಕಾಯುವುದು. ತಾನೇನು ತಪ್ಪು ಮಾಡಿದೆನೋ ಎಂದು ಕೊರಗುವುದು. ಇದ್ದುದನ್ನು ಇದ್ದ ಹಾಗೆ ಮೆಲುದನಿಯಲ್ಲಿ ಹೇಳಿ, ಅಳಲು ಬಿಡಿ. ಶುಶ್ರೂಷೆಯಲ್ಲಿ ಪಾಲುಗೊಂಡ ಮಗುವಿಗೆ ತನ್ನ ಕೈಲಾದುದನ್ನು ಮಾಡಿದೆನೆಂಬ ಸಮಾಧಾನ ಉಳಿಯುತ್ತದೆ.

ವಿದ್ಯಾರ್ಥಿಗಳಿಗೆ ಅಭ್ಯಾಸ: ಮನೆಯಲ್ಲಿಯೋ ನೆರೆಯಲ್ಲಿಯೋ ಇರುವ ಒಂದು ಮುದಿಪ್ರಾಣಿಯನ್ನು ಹಿರಿಯರೊಡನೆ ಹದಿನಾಲ್ಕು ದಿನ ಗಮನಿಸಿರಿ. ಪಂಚಾಂಗದ ಪಟದಲ್ಲಿ ಒಳ್ಳೆಯ ದಿನಕ್ಕೆ ವೃತ್ತವನ್ನೂ ಕೆಟ್ಟ ದಿನಕ್ಕೆ ಅಡ್ಡಗೆರೆಯನ್ನೂ ಹಾಕಿರಿ. ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಆ ಹಾಳೆಯನ್ನು ಪಶುವೈದ್ಯರಿಗೆ ತೋರಿಸಿದರೆ, ಬಾಯಿಲ್ಲದ ಜೀವದ ಪರವಾಗಿ ನೀವು ಮಾತಾಡಿದಂತಾಗುವುದು.